ಯಾವ ಮಠದ ದೀಕ್ಷೆ?

ನನ್ನ ಅಜ್ಜ, ಅಂದರೆ ಮುತ್ಯಾನಿಗೆ ಈಗ 86. ಭಾನುವಾರ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಬೀದರಿನ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು ಮಿಯಾಪುರಕ್ಕೆ ಫೋನ್ ಮಾಡುವುದು ಅವನ ವಾಡಿಕೆ. ಹೋದ ತಿಂಗಳು ಹೀಗೆ ಫೋನ್ ಬಂದಾಗ ನನ್ನ ಊಟದ ಮೇಜಿನ ಮೇಲೆ ಮೂರು ಶುಲ್ಕದ ಪಟ್ಟಿ, ಒಂದು ಕ್ಯಾಲ್ಕ್ಯುಲೇಟರು, ಆರಿಹೋದ ಚಹಾ ಇದ್ದವು.

“ಏನ್ ಮಾಡ್ಲಾಕತ್ತಿದಿ?” ಎಂದ.

“ಸಮುದ್ರದಾಗ ಮುಳುಗೋದು ಕಲಿಸೋ ಮಾಸ್ತರ ಆಗಬೇಕಂತ ಮಾಡೀನಿ ಮುತ್ಯಾ. ಯಾವ ಸಂಸ್ಥೆದ ಸರ್ಟಿಫಿಕೇಟ್ ತಗೋಬೇಕಂತ ತಿಳಿವಲ್ದು.”

ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿತು. “ಹಂಗಂದ್ರ, ಯಾವ ಮಠದಾಗ ದೀಕ್ಷಾ ತಗೋಬೇಕಂತ ಕೇಳ್ಲಾಕತ್ತಿದಿ” ಎಂದ.

ನಕ್ಕೆ. ಫೋನಿಟ್ಟ ಮೇಲೆ ನಗು ನಿಂತಿತು. ಶುಲ್ಕ, ದಿನಗಳು, ವಿಮೆ, ವಾರ್ಷಿಕ ಚಂದಾ ಎಂದು ನಾಲ್ಕು ಕಾಲಂ ಎಳೆದು ಮೂರು ದಿನದಿಂದ ಲೆಕ್ಕ ಹಾಕುತ್ತಿದ್ದೆ. ಪ್ರಶ್ನೆ ಆ ನಾಲ್ಕು ಕಾಲಮ್ಮಿನಲ್ಲಿ ಇರಲೇ ಇಲ್ಲ. ಇನ್ನೊಬ್ಬರಿಗೆ ಕಲಿಸುವ ಅಧಿಕಾರ ಒಬ್ಬನಿಗೆ ಎಲ್ಲಿಂದ ಬರುತ್ತದೆ? ಅದನ್ನು ಕೊಡುವವರಿಗೆ ಕೊಟ್ಟವರು ಯಾರು?

ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದು ಸರಿ ಇದೆ ಎಂದು ಸಹಿ ಹಾಕುವುದು 15 ವರ್ಷದಿಂದ ನನ್ನ ಹೊಟ್ಟೆಪಾಡು. ಮನೆ ಮಿಯಾಪುರದ ಮಯೂರಿ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಮೆಟ್ರೊದ ಕೆಂಪು ಮಾರ್ಗ ಮುಗಿಯುವುದು ಮಿಯಾಪುರದಲ್ಲೇ. ಮುಖ್ಯರಸ್ತೆ ರಾಷ್ಟ್ರೀಯ ಹೆದ್ದಾರಿ 65. ಪಶ್ಚಿಮಕ್ಕೆ ಹೋದರೆ ಪಟಾನ್‌ಚೆರು, ಸಂಗಾರೆಡ್ಡಿ ದಾಟಿ ಜಹೀರಾಬಾದಿನಲ್ಲಿ ಬೀದರಿಗೆ ಹೊರಳಬಹುದು. ಪೂರ್ವಕ್ಕೆ ಹೋಗುತ್ತಲೇ ಇದ್ದರೆ ವಿಜಯವಾಡ ದಾಟಿ ಮಚಲೀಪಟ್ಟಣದ ಹತ್ತಿರ ರಸ್ತೆಯೂ ನೆಲವೂ ಮುಗಿಯುತ್ತವೆ. ಒಂದು ತುದಿಗೆ ಮುತ್ಯಾ, ಇನ್ನೊಂದು ತುದಿಗೆ ಸಮುದ್ರ. ನಡುವೆ ನಾನು, ನಾಲ್ಕೂವರೆ ಅಡಿ ಆಳದ ಅಪಾರ್ಟ್‌ಮೆಂಟ್ ಈಜುಕೊಳದಲ್ಲಿ ಬೆಳಿಗ್ಗೆ ಆರಕ್ಕೆ ಮಾಸ್ಕ್ ಹಾಕಿಕೊಂಡು ತಳದಲ್ಲಿ ಮಂಡಿಯೂರಿ ಕೂರುವವನು. ವಾಚ್‌ಮನ್ ಮೊದಲ ದಿನ ಗಾಬರಿಯಾಗಿ ಸೆಕ್ರೆಟರಿಯನ್ನು ಎಬ್ಬಿಸಿಬಿಟ್ಟಿದ್ದ.

ಬೀದರಿನವನಿಗೆ ಸಮುದ್ರದ ಹುಚ್ಚು ಎಲ್ಲಿಂದ ಹತ್ತಿತು ಎಂದು ಆಫೀಸಿನಲ್ಲಿ ಕೇಳುತ್ತಾರೆ. ನಮ್ಮೂರಿನ ದೇವರುಗಳೇ ನೀರಿನಲ್ಲಿದ್ದಾರೆ ಎನ್ನುತ್ತೇನೆ. ಝರಣಿ ನರಸಿಂಹನ ದರ್ಶನಕ್ಕೆ ಗುಡ್ಡದೊಳಗಿನ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು. ತಲೆಯ ಮೇಲೆ ಬಾವಲಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ನನಗೆ ಆರು ವರ್ಷವಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು, ಹೆದರಿ, ಬಾಯಿ ಬಿಗಿಹಿಡಿದಿದ್ದೆ. “ಉಸುರಾಡೋ, ಹಿಡಿಬ್ಯಾಡ” ಎಂದು ಅಪ್ಪ ನನ್ನ ಪಾದ ತಟ್ಟುತ್ತಿದ್ದ. ಊರಿನ ಇನ್ನೊಂದು ಕಡೆ ಗುರು ನಾನಕ ಝೀರಾ. ಸಿಹಿನೀರಿಲ್ಲದೆ ಜನ ಒದ್ದಾಡುತ್ತಿದ್ದಾಗ ಗುರು ನಾನಕರು ಕಲ್ಲು ಸರಿಸಿ ಊಟೆ ಹೊರಡಿಸಿದರು ಎನ್ನುವ ನಂಬಿಕೆಯ ಜಾಗ. ಜಿಲ್ಲೆಯ ಆಚೆ ತುದಿಗೆ ಬಸವಕಲ್ಯಾಣ. ಗುರು ಎಂದರೆ ಯಾರು ಎಂದು 12ನೆಯ ಶತಮಾನದಲ್ಲಿ ದೋಣಿ ನಡೆಸುವವನೂ ಎದ್ದು ನಿಂತು ಕೇಳಿದ ಊರು. ಆ ಅಂಬಿಗರ ಚೌಡಯ್ಯ ಹೊಟ್ಟೆಪಾಡಿಗೆ ದೀಕ್ಷೆ ಕೊಡುವ ಗುರುಗಳನ್ನು ಬೈದಷ್ಟು ಖಾರವಾಗಿ ಬೇರೆ ಯಾವ ವಚನಕಾರನೂ ಬೈದಿರಲಾರ. ನೀರಿನ ಮೇಲೆ ಜನರ ಜೀವ ಹೊತ್ತು ದಾಟಿಸುವವನಿಗೆ ಸುಳ್ಳು ಹುಟ್ಟುಗಾರನ ಮೇಲೆ ಸಿಟ್ಟು ಜಾಸ್ತಿ ಇರಬೇಕು.

ನಾನು ಮೊದಲು ಮುಳುಗಿದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೊರಟರೆ ದಡದ ಶಿವನ ಮೂರ್ತಿ ಬೊಂಬೆಯಷ್ಟು ಚಿಕ್ಕದಾಗುವವರೆಗೂ ಹಿಂದೆ ಕಾಣುತ್ತಿರುತ್ತದೆ. ಅಲ್ಲಿ ಹೇಳಿಕೊಟ್ಟ ಮೊದಲ ನಿಯಮವೇ ನನ್ನನ್ನು ಹಿಡಿದು ನಿಲ್ಲಿಸಿತು: ಉಸಿರು ಹಿಡಿಯಕೂಡದು. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿಯನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ. ನಮ್ಮ ಯೋಗದ ಗುರುಗಳು ಉಸಿರು ಹಿಡಿಯುವ ಕುಂಭಕವನ್ನು ಸಾಧನೆ ಎಂದರು. ಇಲ್ಲಿ ಅದೇ ಸಾವಿನ ದಾರಿ. ಎರಡೂ ಉಪದೇಶಗಳೇ, ಎರಡೂ ಅವುಗಳ ಜಾಗದಲ್ಲಿ ಸರಿ. ಯಾವುದು ಎಲ್ಲಿ ಸರಿ ಎಂದು ಹೊಸಬನಿಗೆ ತಾನಾಗಿ ತಿಳಿಯುವುದಿಲ್ಲ. ತಪ್ಪು ಮಾಡಿ ಕಲಿಯುವುದಕ್ಕೆ ಅಲ್ಲಿ ಎರಡನೆಯ ಸಲ ಇರುವುದಿಲ್ಲ. ಗುರು ಬೇಕಾಗುವುದು ಇಂಥ ಜಾಗದಲ್ಲೇ.

ಅಲ್ಲಿಂದ ನಾಲ್ಕು ವರ್ಷ ರಜೆಗಳನ್ನೆಲ್ಲ ನೀರಿಗೆ ಸುರಿದೆ. ಪುದುಚೇರಿ, ಅಂಡಮಾನಿನ ಸ್ವರಾಜ್ ದ್ವೀಪ, ಮತ್ತೆ ನೇತ್ರಾಣಿ. ಡೈವ್‌ಮಾಸ್ಟರ್ ಆದೆ. ನೀರಿನಲ್ಲಿ ಒಬ್ಬರಿಗೊಬ್ಬರು ಕಾವಲಿರುವ ಜೊತೆಗಾರನಿಗೆ ‘ಬಡ್ಡಿ’ ಎನ್ನುತ್ತಾರೆ ಎಂದಾಗ ಮುತ್ಯಾ, “ನೀರಾಗೂ ಬಡ್ಡಿ ಬಿಡಂಗಿಲ್ಲೇನು?” ಎಂದಿದ್ದ. ಇನ್ನು ಮುಂದಿನ ಮೆಟ್ಟಿಲು ಇನ್‌ಸ್ಟ್ರಕ್ಟರ್. ಅದನ್ನು ಹತ್ತಲು ಸಂಸ್ಥೆಯೊಂದರ ಹೆಸರು ಹಿಂದೆ ಬೇಕು.

ಈ ಸಂಸ್ಥೆಗಳ ಚರಿತ್ರೆ ಉದ್ದವಾದದ್ದೇನಲ್ಲ. ಕುಸ್ತೊ ಮತ್ತು ಗಾನ್ಯಾನ್ ಎಂಬ ಇಬ್ಬರು ಫ್ರೆಂಚರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಲಕರಣೆ ತಯಾರಿಸಿದ್ದು 1943ರಲ್ಲಿ. ಅವರಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರೂ ಇರಲಿಲ್ಲ. ಸಲಕರಣೆ ಅಂಗಡಿಗೆ ಬಂತು, ಕೊಂಡವರು ಮುಳುಗಿದರು, ಕೆಲವರು ಸತ್ತರು. ಆಮೇಲೆ ಗುರುಪೀಠಗಳು ಹುಟ್ಟಿದವು. 1959ರಲ್ಲಿ ಮೊನಾಕೊದಲ್ಲಿ ಹಲವು ದೇಶಗಳ ಒಕ್ಕೂಟಗಳು ಸೇರಿ ಸಿಮಾಸ್ ಕಟ್ಟಿದವು. ಮೊದಲ ಅಧ್ಯಕ್ಷ ಕುಸ್ತೊ. ಅಮೆರಿಕದಲ್ಲಿ ನೌಯಿ ತನ್ನ ಮೊದಲ ದೊಡ್ಡ ಬೋಧಕರ ಶಿಬಿರವನ್ನು 1960ರಲ್ಲಿ ಹ್ಯೂಸ್ಟನ್‌ನಲ್ಲಿ ನಡೆಸಿತು. 1966ರಲ್ಲಿ ಡೈವಿಂಗ್ ಸಾಮಾನು ಮಾರುತ್ತಿದ್ದ ಜಾನ್ ಕ್ರೋನಿನ್, ಈಜು ಕಲಿಸುತ್ತಿದ್ದ ರಾಲ್ಫ್ ಎರಿಕ್ಸನ್ ಸೇರಿ ಪ್ಯಾಡಿ ಶುರುಮಾಡಿದರು. ಎಸ್‌ಎಸ್‌ಐ ಬಂದದ್ದು 1970ರಲ್ಲಿ. ಭೌತಶಾಸ್ತ್ರದಲ್ಲಾಗಲಿ ಶರೀರಶಾಸ್ತ್ರದಲ್ಲಾಗಲಿ ಇವರಿಗೆ ಜಗಳವಿಲ್ಲ. ಬೋಧಕರ ತರಬೇತಿಗೆ ಐಎಸ್‌ಒ 24802 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಜಗಳ ಇರುವುದು ಮುತ್ಯಾ ಕೇಳಿದ ಜಾಗದಲ್ಲಿ, ಅಧಿಕಾರ ಎಲ್ಲಿ ನೆಲೆಸಿದೆ ಎಂಬಲ್ಲಿ.

ಪ್ಯಾಡಿಯ ಕೈಪಿಡಿ ಬಿಚ್ಚಿದಾಗ ನನಗೆ ನೆನಪಾದದ್ದು ನಮ್ಮೂರಿಗೆ ದೂರವಲ್ಲದ ನಾಂದೇಡ. 1708ರಲ್ಲಿ ಗುರು ಗೋವಿಂದ ಸಿಂಗರು ಅಲ್ಲಿ ಮನುಷ್ಯಗುರುಗಳ ಪರಂಪರೆಯನ್ನು ಮುಗಿಸಿ ಗ್ರಂಥವನ್ನೇ ಗುರುವಾಗಿಸಿದರು. ಪ್ಯಾಡಿಯಲ್ಲೂ ಗ್ರಂಥವೇ ಗುರು. ಸಹಾಯಕರಿಲ್ಲದ ಒಬ್ಬ ಬೋಧಕ ತೆರೆದ ನೀರಿನ ಮೊದಲ ಕೋರ್ಸಿನಲ್ಲಿ ಎಂಟಕ್ಕಿಂತ ಹೆಚ್ಚು ಶಿಷ್ಯರನ್ನು ಸಮುದ್ರಕ್ಕೆ ಇಳಿಸಕೂಡದು, ಯಾವ ಕೌಶಲ ಆದ ಮೇಲೆ ಯಾವುದು, ಎಲ್ಲವೂ ಬರೆದಿದೆ. ಮಿಯಾಪುರದವನು ಕಲಿತದ್ದೂ ಮೆಕ್ಸಿಕೊದವನು ಕಲಿತದ್ದೂ ಒಂದೇ.

ನೌಯಿ ಬೋಧಕನ ವಿವೇಕಕ್ಕೆ ಹೆಚ್ಚು ಜಾಗ ಕೊಡುತ್ತದೆ. ಕನಿಷ್ಠದ ಮೇಲೆ ತನಗೆ ಬೇಕೆನಿಸಿದ್ದನ್ನು ಸೇರಿಸಿ ಕಲಿಸಬಹುದು. ಅವರದೊಂದು ಹಳೆಯ ಒರೆಗಲ್ಲು ಇದೆ: ನಿನಗೆ ಅತಿ ಪ್ರಿಯರಾದವರನ್ನು ಈತನ ಕೈಗೆ ಕಲಿಯಲು ಕೊಡುತ್ತೀಯಾ? ಶರಣರು ಅರಿವನ್ನೇ ಗುರು ಎಂದದ್ದಕ್ಕೆ ಇದು ಹತ್ತಿರದ್ದು. ಪುಸ್ತಕ ಹೇಳಿತೆಂದಲ್ಲ, ಒಳಗಿನ ಅರಿವು ಒಪ್ಪಿತೆಂದು.

ಎಸ್‌ಎಸ್‌ಐ ಮೂರನೆಯ ಬಗೆ. ಅದರ ಬೋಧಕ ತಾನೊಬ್ಬನೇ ಹೆಗಲಿಗೆ ಚೀಲ ಹಾಕಿಕೊಂಡು ಹೋಗಿ ಕಲಿಸುವಂತಿಲ್ಲ. ಅದಕ್ಕೆ ಸೇರಿದ ಯಾವುದಾದರೊಂದು ಡೈವಿಂಗ್ ಕೇಂದ್ರದ ಮೂಲಕವೇ ಕಲಿಸಬೇಕು. ಇದು ಮಠದ ವ್ಯವಸ್ಥೆ. ಪ್ಯಾಡಿಯ ಬೋಧಕನಿಗೆ ಇಂಥ ಕಟ್ಟು ಇಲ್ಲ, ಜಂಗಮನಂತೆ ಊರೂರು ತಿರುಗಬಹುದು.

ಗ್ರಂಥ, ಅರಿವು, ಮಠ. ಮೂರನ್ನೂ ಹೀಗೆ ಬರೆದಿಟ್ಟುಕೊಂಡು, ಶರಣರ ಜಿಲ್ಲೆಯವನಾದ ನಾನು ಅರಿವಿನ ಕಡೆಗೇ ವಾಲುತ್ತೇನೆ ಎಂದುಕೊಂಡೆ. ನೌಯಿಯ ಒರೆಗಲ್ಲಿಗೆ ನನ್ನನ್ನೇ ತಿಕ್ಕಿ ನೋಡಿದೆ. ನನ್ನ ಮಗಳಿಗೆ ಒಂಬತ್ತು ವರ್ಷ. ಹತ್ತು ತುಂಬಿದರೆ ಮಕ್ಕಳ ಕೋರ್ಸಿಗೆ ಸೇರಿಸಬಹುದು. ಅವಳನ್ನು ನನ್ನಂಥವನ ಕೈಗೆ ಕೊಡುತ್ತೇನೆಯೆ? ಥಟ್ಟನೆ ಹೌದು ಎನ್ನುವುದಕ್ಕೆ ಬಾಯಿ ಬರಲಿಲ್ಲ. ಕಾರಣ ನನ್ನ ಲಾಗ್‌ಬುಕ್ಕಿನಲ್ಲಿತ್ತು.

ಲಾಗ್‌ಬುಕ್ ಎಂದರೆ ಮುಳುಗಿದ್ದರ ಲೆಕ್ಕದ ಪುಸ್ತಕ. ತಾರೀಖು, ಜಾಗ, ಆಳ, ಎಷ್ಟು ನಿಮಿಷ, ಎಷ್ಟು ಗಾಳಿ ಉಳಿಯಿತು, ಕೆಳಗೆ ಜೊತೆಗಾರನ ಸಹಿ. ಪ್ಯಾಡಿಯಲ್ಲಿ ಇನ್‌ಸ್ಟ್ರಕ್ಟರ್ ಆಗಲು ಇಂಥ 100 ಡೈವ್ ಆಗಿರಬೇಕು. ಹೋದ ಮಾರ್ಚಿನಲ್ಲಿ ಒಂದು ಕಡಲತೀರದಲ್ಲಿ ನನ್ನ ಲೆಕ್ಕ 87ಕ್ಕೆ ನಿಂತಿತ್ತು. ಗಾಳಿ ಕೆಟ್ಟು ದೋಣಿಗಳು ಮೂರು ದಿನ ಹೊರಡಲಿಲ್ಲ. ರಜೆ ಮುಗಿಯುತ್ತಿತ್ತು. ಅಲ್ಲಿದ್ದ ಒಬ್ಬ, “ಉಳಿದದ್ದು ಬರೆದುಬಿಡಿ, ನಾನು ಸಹಿ ಹಾಕುತ್ತೇನೆ, ನೀರಿನ ಕೆಳಗೆ ನೋಡಿದವರು ಯಾರಿದ್ದಾರೆ?” ಎಂದ. ಬೇಡ ಎಂದೆ. ರಾತ್ರಿ ಕೋಣೆಯಲ್ಲಿ ಒಬ್ಬನೇ ಕುಳಿತು ಮೂರು ಬರೆದೆ. ಮೂರೇ ಅಲ್ಲವೇ ಎಂದುಕೊಂಡೆ. ಆಳ 14 ಮೀಟರ್, 41 ನಿಮಿಷ ಎಂದು, ನಂಬುವ ಹಾಗೆ ಅಂಕಿಗಳನ್ನು ಹೆಣೆದೆ. 15 ವರ್ಷ ಬೇರೆಯವರ ಸುಳ್ಳು ಅಂಕಿಗಳನ್ನು ಹಿಡಿದವನಿಗೆ ನಂಬುವ ಅಂಕಿ ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಯಾರೂ ಇಲ್ಲದ ಕಡೆ ಹೋಗಿ ಬಾಳೆಹಣ್ಣು ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆ ಹೇಳಿದ್ದು, ಕನಕದಾಸರು ಹಣ್ಣನ್ನು ಹಾಗೇ ವಾಪಸ್ ತಂದದ್ದು ನಮಗೆಲ್ಲ ಮೂರನೆಯ ಇಯತ್ತೆಯಿಂದ ಗೊತ್ತು. ಆ ಕಥೆಯಲ್ಲಿ ಉಳಿದ ಶಿಷ್ಯರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವರು ಕೆಟ್ಟವರೇನಲ್ಲ. ಗುರು ಹೇಳಿದ್ದನ್ನು ಮಾಡಿದರು, ತಿಂದರು, ಬಂದರು. ಪರೀಕ್ಷೆ ನಡೆಯುತ್ತಿದೆ ಎಂದೇ ಅವರಿಗೆ ತಿಳಿಯಲಿಲ್ಲ. ನನಗೂ ಹಾಗೇ ಆಯಿತು.

ಅಂದರೆ ನನ್ನ ಒಳಗಿನ ಅರಿವು ನಂಬಬಹುದಾದ ಗುರುವಲ್ಲ. ಹಾಗಾದರೆ ಹೊರಗಿನ ಕಾಗದವನ್ನು ನಂಬಬೇಕೆ? ಆ ಕಾಗದಕ್ಕೆ ನಮ್ಮ ಭಾಷೆಯಲ್ಲಿ ಪ್ರಮಾಣಪತ್ರ ಎನ್ನುತ್ತೇವೆ. ಪ್ರಮಾಣ ಎಂದರೆ ಪುರಾವೆ. ಅಳತೆಯೂ ಹೌದು. ದೇವರ ಮುಂದೆ ಕೈಯಿಟ್ಟು ಮಾಡುವ ಆಣೆಯೂ ಹೌದು. ಒಂದೇ ಪದಕ್ಕೆ ಈ ಮೂರು ಅರ್ಥ ಹೇಗೆ ಬಂದವು ಎಂದು ಯೋಚಿಸುತ್ತ ಶೆಲ್ಫಿನಿಂದ ಒಂದು ಹಳೆಯ ಪುಸ್ತಕ ಇಳಿಸಿದೆ. ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’. ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಪುಸ್ತಕ ಸಂತೆಯಲ್ಲಿ, ಜಾವಾ ಗೈಡುಗಳ ಅಡಿಯಲ್ಲಿ ಸಿಕ್ಕಿದ್ದ ಪ್ರತಿ.

ಟೆಸ್ಟರ್ ಒಬ್ಬನಿಗೆ ಅದರಲ್ಲಿ ತನ್ನ ಕಸುಬಿನ ಜಗಳವೇ ಕಾಣಿಸಿತು. ಒಂದು ಜ್ಞಾನ ಸರಿ ಎಂದು ತಿಳಿಯುವುದು ಹೇಗೆ? ಮೀಮಾಂಸಕರ ಪ್ರಕಾರ ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ. ಅದಕ್ಕೆ ಬೇರೆ ಸಾಕ್ಷಿ ಬೇಡ. ತಪ್ಪೆಂದು ತೋರಿಸಲು ಮಾತ್ರ ಹೊರಗಿನಿಂದ ಏನಾದರೂ ಬರಬೇಕು: ಅದರ ಮೂಲದಲ್ಲಿ ದೋಷ ಕಾಣಬೇಕು, ಇಲ್ಲವೇ ಅದನ್ನು ಹೊಡೆದುಹಾಕುವ ಇನ್ನೊಂದು ಜ್ಞಾನ ಎದುರಾಗಬೇಕು. ಇದು ಸ್ವತಃ ಪ್ರಾಮಾಣ್ಯ. ನೈಯಾಯಿಕರು ಒಪ್ಪುವುದಿಲ್ಲ. ಸರಿ ಎನ್ನುವುದಕ್ಕೂ ಹೊರಗಿನ ಆಧಾರ ಬೇಕು ಎನ್ನುತ್ತಾರೆ. ದೂರದಲ್ಲಿ ನೀರು ಕಂಡರೆ ಅದು ನೀರೋ ಬಿಸಿಲ್ಗುದುರೆಯೋ ಎಂದು ತಿಳಿಯುವುದು ಹೋಗಿ ಕುಡಿದು ದಾಹ ತೀರಿದಾಗ. ಇದು ಪರತಃ ಪ್ರಾಮಾಣ್ಯ. ಎದುರಾಳಿಗಳು ಕೂಡಲೇ ಕೇಳಿದರು: ದಾಹ ತೀರಿತೆಂಬ ಜ್ಞಾನಕ್ಕೆ ಪ್ರಮಾಣ ಏನು? ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಕೊನೆಯಿಲ್ಲದ ಈ ಸಾಲಿಗೆ ಅನವಸ್ಥೆ ಎಂದು ಹೆಸರು. ಬೋಧಕನಿಗೆ ಸಂಸ್ಥೆ, ಸಂಸ್ಥೆಗೆ ಮಾನದಂಡ, ಮಾನದಂಡಕ್ಕೆ ಸಮಿತಿ, ಸಮಿತಿಗೆ ಯಾರು? ನನ್ನ ನಾಲ್ಕು ಕಾಲಮ್ಮಿನ ಕಾಗದದ ತಲೆಯ ಮೇಲೆ ಅನವಸ್ಥೆ ಕುಳಿತಿತ್ತು.

ಬೀದರಿನಲ್ಲಿ ಬಿದ್ರಿ ಕೆಲಸದವರು ಕೋಟೆಯ ಹಳೆಯ ಮಣ್ಣನ್ನು ನಾಲಗೆಗೆ ಹಚ್ಚಿ ನೋಡುತ್ತಾರೆ. ಆ ಮಣ್ಣಿನಿಂದಲೇ ಲೋಹ ಕಪ್ಪಾಗುವುದು. ಬಿದ್ರಿಗೆ ಈಗ ಜಿಐ ಟ್ಯಾಗ್ ಇದೆ. ಟ್ಯಾಗಿಗೆ ಆಧಾರ ನಾಲಗೆ. ನಾಲಗೆಗೆ ಆಧಾರ ಅದರ ಹಿಂದಿನ ನಾಲಗೆ. ಆದರೂ ಅಲ್ಲಿ ಮೋಸ ಬಹಳ ದಿನ ನಡೆಯುವುದಿಲ್ಲ. ಮಣ್ಣು ತಪ್ಪಿದರೆ ಹೂಜಿ ಕಪ್ಪಾಗುವುದಿಲ್ಲ, ಅಷ್ಟೆ. ನ್ಯಾಯದವರು ಹೇಳಿದ ಪ್ರವೃತ್ತಿ ಸಾಮರ್ಥ್ಯ ಎಂದರೆ ಇದೇ, ಕೆಲಸಕ್ಕೆ ಬಂದದ್ದೇ ಪ್ರಮಾಣ. ಡೈವಿಂಗಿನಲ್ಲಿ ಹಾಗೆ ಪರೀಕ್ಷಿಸಲಾಗದು. ಅಲ್ಲಿ ಕಪ್ಪಾಗದೆ ಉಳಿಯುವ ಹೂಜಿ ಎಂದರೆ ಒಬ್ಬ ಮನುಷ್ಯನ ಶವ.

ಈ ಗಂಟು ಬಿಡಿಸಿಕೊಟ್ಟದ್ದು ಪುಸ್ತಕವಲ್ಲ, ನಾನು ಡೈವ್‌ಮಾಸ್ಟರ್ ತರಬೇತಿಯಲ್ಲಿದ್ದಾಗ ಕಂಡ ಒಂದು ಘಟನೆ. ಹೈದರಾಬಾದಿನಿಂದಲೇ ಬಂದಿದ್ದ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಆರು ಮೀಟರ್ ಆಳದಲ್ಲಿದ್ದರು. ಮಾಸ್ಕಿನೊಳಗೆ ನೀರು ನುಗ್ಗಿತು. ಕಣ್ಣು ದೊಡ್ಡವಾದವು, ಕೈ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಕಡೆ ಹೋಯಿತು, ಕಾಲು ಮೇಲಕ್ಕೆ ಚಿಮ್ಮಲು ಸಿದ್ಧವಾಯಿತು. ಉಸಿರು ಬಿಗಿಹಿಡಿದು ಒಮ್ಮೆ ಚಿಮ್ಮಿದ್ದರೆ ಏನಾಗುತ್ತಿತ್ತು ಎಂದು ಮೇಲೆ ಹೇಳಿದ್ದೇನೆ. ನನ್ನ ಗುರುಗಳು ಎರಡು ಅಡಿ ದೂರದಲ್ಲಿದ್ದರು. ಒಂದು ಕೈ ಆಕೆಯ ಜಾಕೆಟ್ ಪಟ್ಟಿಗೆ, ಇನ್ನೊಂದು ರೆಗ್ಯುಲೇಟರ್ ಬೀಳದಂತೆ ಅದರ ಮೇಲೆ. ಮುಖಕ್ಕೆ ಮುಖ ತಂದು, ಅಂಗೈಯನ್ನು ತನ್ನ ಎದೆಯಿಂದ ಮುಂದಕ್ಕೆ ನಿಧಾನವಾಗಿ ಸರಿಸಿ ತೋರಿಸಿದರು: ಬಿಡು, ಉಸಿರು ಬಿಡು. ಗುಳ್ಳೆಗಳು ಹೊರಟವು. ಮತ್ತೆ ಗುಳ್ಳೆಗಳು. ಇಬ್ಬರೂ ಜೊತೆಯಲ್ಲೇ ಮೆಲ್ಲಗೆ ಮೇಲೆ ಬಂದರು.

ಆ ಗಳಿಗೆಯಲ್ಲಿ ಆಕೆ ಅವರ ಕಾರ್ಡ್ ನೋಡಲಿಲ್ಲ, ಅವರ ಸಂಸ್ಥೆ ಯಾವುದೆಂದು ಕೇಳಲಿಲ್ಲ. ಕೇಳಲು ಅಲ್ಲಿ ಬಾಯೂ ಇಲ್ಲ, ಸಮಯವೂ ಇಲ್ಲ. ಅವರ ಅಂಗೈ ಹೇಳಿದ್ದೇ ಆಕೆಗೆ ಪ್ರಮಾಣ. ಶಿಷ್ಯನಾದವನು ನೀರಿನಲ್ಲಿ ಮೀಮಾಂಸಕನಾಗಿರಲೇಬೇಕು. ಗುರುವಿನ ಮಾತು ಹುಟ್ಟುತ್ತಲೇ ಸತ್ಯ ಎಂದು ಹಿಡಿಯದಿದ್ದರೆ ಆತ ಬದುಕುವುದಿಲ್ಲ. ಹಾಗಿರುವಾಗ ಆ ಮಾತನ್ನು ಪರೀಕ್ಷಿಸುವ ಹೊರೆ ಯಾರ ಮೇಲೆ ಬೀಳುತ್ತದೆ? ಗುರುವಿನ ಮೇಲೇ. ಶಿಷ್ಯ ಎಷ್ಟು ನಂಬುತ್ತಾನೋ ಗುರು ತನ್ನನ್ನು ಅಷ್ಟೇ ನಂಬದೆ ಇರಬೇಕು. ಶಿಷ್ಯನಿಗೆ ಸ್ವತಃ ಪ್ರಾಮಾಣ್ಯ, ಗುರುವಿಗೆ ಪರತಃ ಪ್ರಾಮಾಣ್ಯ. ಎರಡು ದರ್ಶನಗಳು ಒಂದೇ ಹಗ್ಗದ ಎರಡು ತುದಿ ಹಿಡಿದಿದ್ದವು.

ನಮ್ಮ ಧರ್ಮಗಳಲ್ಲಿ ಕೆಟ್ಟದ್ದು ಇದೇ ಅಲ್ಲವೇ ಎಂದು ಈಗ ಅನಿಸುತ್ತದೆ. ಶಿಷ್ಯನಿಗೆ ಸಲ್ಲಬೇಕಾದ ಮೀಮಾಂಸೆಯನ್ನು ಗುರುವೇ ಇಟ್ಟುಕೊಂಡ. ತನ್ನ ಮಾತು ತನಗೇ ಪ್ರಮಾಣ ಎಂದ. ಪಟ್ಟ ಕಟ್ಟುವ ವಿಧಿ ನಮ್ಮಲ್ಲಿ ವಿಸ್ತಾರವಾಗಿದೆ, ಇಳಿಸುವ ವಿಧಿ ಎಲ್ಲಿದೆ? ಡೈವಿಂಗಿನ ಬೋಧಕ ವರ್ಷ ವರ್ಷ ಸದಸ್ಯತ್ವ ನವೀಕರಿಸಬೇಕು, ಹಲವು ಕಡೆ ವಿಮೆಯನ್ನೂ ಮಾಡಿಸಬೇಕು. ಸಂಸ್ಥೆ ಅವನ ಶಿಷ್ಯರಿಗೇ ಪತ್ರ ಬರೆದು, ಇಂಥ ಇಂಥದನ್ನು ನಿಮಗೆ ಕಲಿಸಿದರೋ ಇಲ್ಲವೋ ಎಂದು ಕೇಳಬಹುದು; ದೂರು ನಿಜವಾದರೆ ಬೋಧನೆಯ ಹಕ್ಕನ್ನು ಕಿತ್ತುಕೊಳ್ಳಬಹುದು. ಪರೀಕ್ಷೆಯ ಕ್ರಮವನ್ನೇ ನೋಡಿ. ಪ್ಯಾಡಿಯಲ್ಲಿ ತರಬೇತಿ ಕೊಟ್ಟವರು ಪರೀಕ್ಷೆ ಮಾಡುವುದಿಲ್ಲ, ಸಂಸ್ಥೆಯ ಪರೀಕ್ಷಕರು ಬೇರೆ ಬರುತ್ತಾರೆ. ನೀರಿನಲ್ಲಿ ಉಳಿದ ಅಭ್ಯರ್ಥಿಗಳು ಶಿಷ್ಯರ ವೇಷ ಹಾಕಿ, ಪರೀಕ್ಷಕರು ಗುಟ್ಟಾಗಿ ಹೇಳಿಕೊಟ್ಟ ತಪ್ಪುಗಳನ್ನು ಮಾಡುತ್ತಾರೆ. ಅದನ್ನು ನೀನು ಕಂಡೆಯೋ ಇಲ್ಲವೋ ಎಂಬುದೇ ಪ್ರಶ್ನೆ. ನೀನೆಷ್ಟು ಚೆನ್ನಾಗಿ ಈಜುತ್ತೀಯ ಎಂಬುದಲ್ಲ.

ಧರ್ಮದಲ್ಲಿ ಇದಕ್ಕೆ ಮಾದರಿಯೇ ಇಲ್ಲವೆಂದಲ್ಲ. ಒಂದು ಮಾದರಿಗೆ ನಮ್ಮೂರಿನ ನಂಟೇ ಇದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಐವರಿಗೆ ಅಮೃತ ಕೊಟ್ಟು ಖಾಲ್ಸಾ ದೀಕ್ಷೆ ನೀಡಿದರು. ಆ ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕರ ಮನೆಯವರು. ದೀಕ್ಷೆ ಕೊಟ್ಟು ಮುಗಿಸಿದ ಗುರು ಅದೇ ಐವರ ಮುಂದೆ ಕೈಜೋಡಿಸಿ ನಿಂತು, ಈಗ ನನಗೆ ನೀವು ದೀಕ್ಷೆ ಕೊಡಿ ಎಂದು ಕೇಳಿದರು ಎನ್ನುತ್ತದೆ ಪರಂಪರೆ. ಗುರು ಶಿಷ್ಯರಿಂದ ಅಧಿಕಾರ ಪಡೆದ. ಚಿಕ್ಕಂದಿನಲ್ಲಿ ಝೀರಾದ ಲಂಗರಿನಲ್ಲಿ ರೊಟ್ಟಿ ದಾಲ್ ತಿನ್ನುತ್ತ ಆ ಪ್ರಸಂಗದ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ. ಅರ್ಥವಾದದ್ದು ಈಗ.

ಸಂಸ್ಥೆ ಯಾವುದಾದರೇನು, ಕಲಿಸುವ ಮನುಷ್ಯ ಮುಖ್ಯ ಎಂದು ಡೈವಿಂಗ್ ಮಾಡುವವರೆಲ್ಲ ಹೇಳುತ್ತಾರೆ. ಅರ್ಧ ನಿಜ. ಮನುಷ್ಯ ಒಳ್ಳೆಯವನಿದ್ದಾಗ ಸಂಸ್ಥೆ ಬೇಕಾಗುವುದಿಲ್ಲ. ಅದೇ ಮನುಷ್ಯ ಒಂದು ರಾತ್ರಿ ಕೋಣೆಯಲ್ಲಿ ಕುಳಿತು ಮೂರು ಸಾಲು ಸುಳ್ಳು ಬರೆದಾಗ ಬೇಕಾಗುತ್ತದೆ. ಹಾಗಾಗಿ ನಾಲ್ಕು ಕಾಲಂ ಹೊಡೆದುಹಾಕಿ ಒಂದೇ ಪ್ರಶ್ನೆ ಉಳಿಸಿಕೊಂಡೆ: ನನ್ನನ್ನು ತಡೆಯುವವರು ಎಲ್ಲಿ ಹತ್ತಿರ ಇರುತ್ತಾರೆ?

ನಾಲ್ವರು ತರಬೇತುದಾರರಿಗೆ ಫೋನ್ ಮಾಡಿದೆ. ಶುಲ್ಕ ಕೇಳಲಿಲ್ಲ. “ಹೋದ ವರ್ಷ ಎಷ್ಟು ಜನರನ್ನು ವಾಪಸ್ ಕಳಿಸಿದಿರಿ?” ಎಂದು ಕೇಳಿದೆ. ಒಬ್ಬರು, ನಮ್ಮಲ್ಲಿ ನೂರಕ್ಕೆ ನೂರು ಪಾಸ್ ಎಂದರು. ಇನ್ನೊಬ್ಬರು ಪ್ರಶ್ನೆ ಅರ್ಥವಾಗಲಿಲ್ಲ ಎಂದರು. ಮೂರನೆಯವರು ರಿಯಾಯಿತಿ ಹೇಳಿದರು. ನಾಲ್ಕನೆಯವರು ಪೂರ್ವ ಕರಾವಳಿಯ ಒಬ್ಬ ಮಹಿಳೆ. “ಇಬ್ಬರನ್ನು” ಎಂದರು. “ಒಬ್ಬ ನೀರಿನಲ್ಲಿ ಮೀನಿನ ಹಾಗಿದ್ದ. ಆದರೆ ಶಿಷ್ಯರಿಗೆ ಬೆನ್ನು ಹಾಕಿ ಈಜುತ್ತಿದ್ದ. ಇನ್ನೊಬ್ಬ ನನ್ನ ಅಣ್ಣನ ಮಗ.”

ಅವರಿಗೆ ಆ ಮೂರು ಸಾಲಿನ ಸಂಗತಿ ಹೇಳಿದೆ. ಬೈಯುತ್ತಾರೆ, ಇಲ್ಲವೇ ಫೋನ್ ಇಡುತ್ತಾರೆ ಎಂದುಕೊಂಡಿದ್ದೆ. “ಪುಟ ಹರಿಯಬೇಡಿ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ. ಇಲ್ಲಿಗೆ ಬಂದಾಗ ಎಲ್ಲರಿಗೂ ಕಾಣಬೇಕು” ಎಂದರು.

ಅವರ ಕೇಂದ್ರ ಎಸ್‌ಎಸ್‌ಐಗೆ ಸೇರಿದ್ದು. ಪ್ಯಾಡಿಯದಾಗಿದ್ದರೂ ಹೋಗುತ್ತಿದ್ದೆನೋ ಏನೋ. ಆದರೆ ಕೇಂದ್ರವೊಂದರ ಕಣ್ಣಿನಡಿಯಲ್ಲೇ ಕಲಿಸಬೇಕು ಎಂಬ ಆ ಕಟ್ಟು, ಮೊದಲ ದಿನ ನನಗೆ ಕೊರತೆಯಾಗಿ ಕಂಡದ್ದು, ಈಗ ಬೇಕಾದದ್ದಾಗಿ ಕಂಡಿತು. ನನ್ನಂಥವನಿಗೆ ಸ್ವತಂತ್ರ ಗುರುವಾಗುವ ಅವಸರವಿಲ್ಲ. ಬೇರೆಯವರಿಗೆ ಗ್ರಂಥವೋ ಅರಿವೋ ಸರಿಹೋಗಬಹುದು. ತನ್ನ ದೌರ್ಬಲ್ಯ ಯಾವ ಕಡೆಗಿದೆಯೋ ಆ ಕಡೆ ಗೋಡೆ ಇರುವ ಮನೆಯನ್ನು ಆರಿಸಿಕೊಳ್ಳಬೇಕು, ಅಷ್ಟೇ ನನ್ನ ತೀರ್ಮಾನ.

ಮುಂದಿನ ಭಾನುವಾರ ಮುತ್ಯಾನಿಗೆ ಹೇಳಿದೆ. “ಮಠಕ್ಕೇ ಬಿದ್ದಿ ಬಿಡು” ಎಂದು ನಕ್ಕ. ಆಮೇಲೆ, “ತಪ್ಪ್ ಮಾಡಿದ್ರ ಹೊರಗ ಹಾಕ್ತಾರೇನು?” ಎಂದು ಕೇಳಿದ. ಹಾಕ್ತಾರ ಎಂದೆ. “ಹಂಗಾರ ಚಲೋ ಮಠ ಅದ” ಎಂದ.

ಮಕ್ಕಳನ್ನು ನೀರಿಗೆ ಕಳಿಸುವ ತಂದೆತಾಯಿಗಳಿಗೆ ಒಂದು ಮಾತು. ಯಾರ ಕೈಗೆ ಕೊಡುತ್ತೀರೋ ಅವರ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ, ಬೇಡ ಎನ್ನುವುದಿಲ್ಲ. ನೋಡಿದ ಮೇಲೆ, ನಿಮ್ಮ ಮೇಲೆ ದೂರು ಕೊಡಬೇಕಾದರೆ ಯಾರಿಗೆ ಬರೆಯಬೇಕು ಎಂದು ಅವರನ್ನೇ ಕೇಳಿ. ಉತ್ತರ ಥಟ್ಟನೆ ಬಂದರೆ ಮಗುವಿನ ಕೈ ಬಿಡಿ. ದೇವರ ಹೆಸರಿನಲ್ಲಿ ಕೈ ಹಿಡಿಯುವವರಿಗೂ ಇದೇ ಪ್ರಶ್ನೆ ಕೇಳಬಹುದು.

ನನ್ನ ಲಾಗ್‌ಬುಕ್ಕಿನಲ್ಲಿ 90 ಸಾಲುಗಳಿವೆ. ಮೂರಕ್ಕೆ ಅಡ್ಡಗೆರೆ ಇದೆ. ಮುಳುಗಿದ್ದು 87 ಸಲ.